ಅಕ್ಕುಲಮ್ಮ ಎತ್ತಿಕೊಂಡು ಬಂದ ಮಗು

ಕೋವಿಡ್‌ನ ಎರಡನೆಯ ಅಲೆ ಇಳಿದ ಮರುವರ್ಷ ನಾನು ಚಿಕ್ಕಬಳ್ಳಾಪುರದ ಆಸ್ಪತ್ರೆಯೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಆ ಕೆಲಸದಲ್ಲಿ ಅದು ನನ್ನ ಇಪ್ಪತ್ತಾರನೆಯ ವರ್ಷ. ನಿವೃತ್ತಿಗೆ ಇನ್ನು ಎರಡು ವರ್ಷ ಉಳಿದಿತ್ತು. ಸ್ಪೀಚ್ ಥೆರಪಿ ಎಂದರೆ ತೊದಲುವ ಮಕ್ಕಳಿಗೆ ಮಾತು ತಿದ್ದುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ಅದೂ ನಮ್ಮ ಕೆಲಸವೇ. ಆದರೆ ನನ್ನ ಕೋಣೆಗೆ ಬರುತ್ತಿದ್ದವರಲ್ಲಿ ಹೆಚ್ಚು ಮಂದಿ ಸ್ಟ್ರೋಕ್ ಆಗಿ, ಅಂದರೆ ಲಕ್ವ ಹೊಡೆದು, ಮಾತು ಕಳೆದುಕೊಂಡ ಹಿರಿಯರು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಗಳಿಂದ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹಿಂತಿರುಗುತ್ತಿದ್ದರು. ನಾನು ಮಂಡ್ಯ ಕಡೆಯವಳು. ಮದುವೆಯಾಗಿ ಈ ಊರಿಗೆ ಬಂದವಳು. ಈ ಮಾತನ್ನು ಯಾಕೆ ಹೇಳಿದೆ ಎಂಬುದು ಮುಂದೆ ತಿಳಿಯುತ್ತದೆ.

ಮಾಗಿಯ ಚಳಿ ಇನ್ನೂ ಬಿಡದ ಒಂದು ಮಂಗಳವಾರ ಪುಟ್ಟಸ್ವಾಮಯ್ಯ ಎಂಬವರು ತಮ್ಮ ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಹೆಂಡತಿಯ ಹೆಸರು ಸರೋಜಮ್ಮ, ವಯಸ್ಸು ಅರವತ್ತಮೂರು. ಶಿಡ್ಲಘಟ್ಟದಲ್ಲಿ ಮನೆ. ಸ್ಟ್ರೋಕ್ ಆಗಿ ಹದಿನೆಂಟು ದಿನ ಕಳೆದಿತ್ತು. ಬಲಗೈ ಪೂರ್ತಿ ಬಿದ್ದಿತ್ತು, ಬಲಗಾಲು ಅರ್ಧ. ತಲೆಗೆ ಉಲ್ಲನ್ ಟೋಪಿ ಹಾಕಿದ್ದರು. ಮುಖದಲ್ಲಿ ಗಾಂಭೀರ್ಯವಿತ್ತು. ಎದುರಿಗೆ ಕೂತಿದ್ದ ನನ್ನನ್ನು, ತಡವಾಗಿ ಬಂದ ವಿದ್ಯಾರ್ಥಿನಿಯನ್ನು ನೋಡುವಂತೆ ನೋಡಿದರು.

"ಮೇಡಂ, ನಮ್ಮನೆಯವ್ರು ಮೂವತ್ತೊಂದು ವರ್ಷ ಹೈಸ್ಕೂಲಲ್ಲಿ ಕನ್ನಡ ಟೀಚರ್ ಆಗಿದ್ರು," ಎಂದರು ಪುಟ್ಟಸ್ವಾಮಯ್ಯ. "ನಾನು ಬಸ್ ಕಂಡಕ್ಟರ್. ಮಾಗಡಿ ಕಡೆಯವನು. ನಾನು ಒಂದು ಹಕಾರ ಬಿಟ್ಟು ಮಾತಾಡಿದ್ರೆ ಊಟದ ತಟ್ಟೆ ಮುಂದೇನೇ ತಿದ್ತಿದ್ರು. ಈಗ ನೀರು ಬೇಕಾ ಅಂದ್ರೂ ಬರೀ ಆ, ಆ ಅಂತಾರೆ."

ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಮಿದುಳಿನ ಎಡಭಾಗದಲ್ಲಿ ಭಾಷೆಯನ್ನು ನೋಡಿಕೊಳ್ಳುವ ಜಾಗಕ್ಕೆ ರಕ್ತ ಹರಿಯುವುದು ನಿಂತಾಗ ಆಗುವ ತೊಂದರೆ. ನಾಲಿಗೆ ಸರಿಯಾಗಿರುತ್ತದೆ, ಗಂಟಲು ಸರಿಯಾಗಿರುತ್ತದೆ. ಬುದ್ಧಿ ಹೋಗಿರುವುದಿಲ್ಲ. ಹೇಳಬೇಕಾದ್ದು ಮನಸ್ಸಿನಲ್ಲಿರುತ್ತದೆ, ಅದಕ್ಕೆ ತಕ್ಕ ಶಬ್ದ ಕೈಗೆ ಸಿಗುವುದಿಲ್ಲ. ಬರೆದು ತೋರಿಸಿ ಎಂದರೆ ಬರವಣಿಗೆಯೂ ಹೋಗಿರುತ್ತದೆ. ಕೇಳಿದ್ದು ಸ್ವಲ್ಪ ತಿಳಿಯುತ್ತದೆ, ಸ್ವಲ್ಪ ಜಾರಿಹೋಗುತ್ತದೆ. ಸರೋಜಮ್ಮನವರದು ತೀವ್ರವಾದ ಅಫೇಸಿಯಾ. ಅಂದಿನ ಪರೀಕ್ಷೆಯಲ್ಲಿ ಹತ್ತು ಚಿತ್ರ ತೋರಿಸಿದೆ. ಒಂದರ ಹೆಸರೂ ಬರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಪುಟ್ಟಸ್ವಾಮಯ್ಯ ತಮ್ಮ ವೈರ್ ಬ್ಯಾಗಿನಿಂದ ಐದು ದಪ್ಪ ನೋಟ್‌ಬುಕ್ ತೆಗೆದು ನನ್ನ ಮೇಜಿನ ಮೇಲಿಟ್ಟರು. ಸ್ಕ್ಯಾನಿಂಗ್ ರಿಪೋರ್ಟಿಗಿಂತ ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು.

"ಇದು ಇವ್ಳು ಬರೀತಿದ್ದ ಕಾದಂಬರಿ. ರಿಟೈರ್ ಆದ ಮೇಲೆ ಶುರು ಮಾಡಿದ್ದು. ಇನ್ನೊಂದೇ ಅಧ್ಯಾಯ ಬಾಕಿ ಇತ್ತು, ಅಷ್ಟರಲ್ಲಿ ಹಿಂಗಾಯ್ತು. ಅದೊಂದನ್ನ ಇವಳ ಬಾಯಲ್ಲಿ ಹೇಳಿಸಿಬಿಡಿ ಮೇಡಂ. ನಾನು ಬರ್ಕೋತೀನಿ."

ನನ್ನ ಕೆಲಸದಲ್ಲಿ ಮನೆಯವರು ಕೇಳುವುದು ಬಹುಮಟ್ಟಿಗೆ ಒಂದೇ: ಮೊದಲಿನಂತೆ ಮಾತಾಡುತ್ತಾರಾ? ಒಂದು ಅಧ್ಯಾಯವನ್ನು ಕೇಳಿದವರು ಇವರೊಬ್ಬರೇ. ನಾವು ಮೊದಲು ಹಸಿವು, ನೀರು, ನೋವು, ಬಚ್ಚಲು, ಇಂಥ ಅಗತ್ಯದ ಮಾತುಗಳನ್ನು ತರಲು ನೋಡುತ್ತೇವೆ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. "ಅದೆಲ್ಲ ನಾನು ಅವಳ ಮುಖ ನೋಡಿ ತಿಳ್ಕೋತೀನಿ. ಇದೊಂದು ಮುಖ ನೋಡಿದ್ರೆ ತಿಳಿಯಲ್ಲ," ಎಂದರು.

ಆ ವಾರ ನೋಟ್‌ಬುಕ್‌ಗಳನ್ನು ಮನೆಗೆ ಒಯ್ದು ಓದಿದೆ. ರೋಗಿಯ ಆಸಕ್ತಿ ತಿಳಿದಿದ್ದರೆ ಥೆರಪಿಗೆ ಅನುಕೂಲ ಎಂಬುದು ನೆಪ. ಮೊದಲ ಹತ್ತು ಪುಟ ಓದಿದ ಮೇಲೆ ಕೆಳಗಿಡಲು ಆಗಲಿಲ್ಲ.

ಕಾದಂಬರಿ ಅವರ ಮುತ್ತಜ್ಜಿ ಅಕ್ಕುಲಮ್ಮನ ಕಥೆ. ಚಿಂತಾಮಣಿಯಿಂದ ಆಚೆ, ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿ. ಪ್ಲೇಗು ಬಂದ ಕಾಲ. ಮನೆಗಳಲ್ಲಿ ಇಲಿ ಬೀಳತೊಡಗಿದ ಮೇಲೆ ಊರಿಗೆ ಊರೇ ಖಾಲಿಯಾಗಿ, ದೂರದ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಸುತ್ತ ಮುಳ್ಳಿನ ಬೇಲಿ ಕಟ್ಟಿಕೊಂಡಿದೆ. ಊರೊಳಗೆ ಹೋದವರು ತಿರುಗಿ ಬೇಲಿಯೊಳಗೆ ಬರುವಂತಿಲ್ಲ. ಅಕ್ಕುಲಮ್ಮನಿಗೆ ಇಪ್ಪತ್ತೆರಡು ವರ್ಷ, ಮಕ್ಕಳಿಲ್ಲ. ಅಟ್ಟದ ಮೇಲೆ ಬಿಟ್ಟುಬಂದ ಬಿತ್ತನೆ ರಾಗಿಗಾಗಿ ಅವಳು ಮಧ್ಯಾಹ್ನದ ಹೊತ್ತು ಕದ್ದು ಊರೊಳಗೆ ಹೋಗುತ್ತಾಳೆ. ಎಲ್ಲೋ ಮಗು ಅಳುವ ಸದ್ದು ಕೇಳುತ್ತದೆ. ಕಾಯಿಲೆ ಬಿದ್ದವರನ್ನು ಬಿಟ್ಟುಹೋದ ಮನೆಗಳು ಊರಿನಲ್ಲಿ ಮೂರಿದ್ದವು: ಅಕ್ಕುಲಮ್ಮನ ದಾಯಾದಿಗಳದೊಂದು, ಊರಾಚೆ ಕೇರಿಯಲ್ಲಿ ಒಂದು, ಗಾಡಿ ಹೊಡೆಯುವ ಸಾಬರದೊಂದು. ಎರಡು ದಿನ ಹೆದರಿ ಹಿಂತಿರುಗಿದವಳು ಮೂರನೆಯ ದಿನ ಒಂದು ಬಾಗಿಲು ತೆರೆಯುತ್ತಾಳೆ. ವರ್ಷ ತುಂಬದ ಹೆಣ್ಣುಮಗುವನ್ನು ಸೊಂಟದಲ್ಲಿಟ್ಟುಕೊಂಡು ಬೇಲಿಯ ಹತ್ತಿರ ಬರುತ್ತಾಳೆ.

ಯಾವ ಬಾಗಿಲು ಎಂದು ಬರೆದಿರಲಿಲ್ಲ. ಬರವಣಿಗೆ ನಿಂತದ್ದು ಹೀಗೆ: "'ಯಾರದಮ್ಮಾ ಆ ಮಗು?' ಎಂದು ಬೇಲಿಯೊಳಗಿನಿಂದ ಯಾರೋ ಕೂಗಿದರು. ಅಕ್ಕುಲಮ್ಮ ಸೆರಗು ಸರಿಮಾಡಿಕೊಂಡು..." ಅದರ ಕೆಳಗೆಲ್ಲ ಖಾಲಿ ಗೆರೆಗಳು.

ಮುಂದಿನ ಮಂಗಳವಾರ ಪುಟ್ಟಸ್ವಾಮಯ್ಯನವರನ್ನು ಕೇಳಿದೆ, "ಇದು ಕಲ್ಪನೆಯೋ ನಡೆದದ್ದೋ?"

"ನಡೆದದ್ದೇ. ಆ ಮಗೂನೇ ಇವಳ ಅಪ್ಪನ ತಾಯಿ. ಅಕ್ಕುಲಮ್ಮ ಅದನ್ನ ತನ್ನ ಮಗಳು ಅಂತ ಸಾಕಿ, ಅಳಿಯನ್ನ ಮನೆಗೇ ತಂದ್ಕೊಂಡ್ರು. ಹಂಗೆ ಬೆಳೆದ ಆ ಅಜ್ಜಿ ಸಾಯೋಕೆ ಮುಂಚೆ ಇವಳನ್ನ ಪಕ್ಕ ಕೂರಿಸ್ಕೊಂಡು ಎಲ್ಲ ಹೇಳಿದ್ರಂತೆ. ಇವಳಿಗಾಗ ಹನ್ನೆರಡು ವರ್ಷ. ಯಾವ ಮನೇದು ಅನ್ನೋದು ಬೇರೆ ಯಾರಿಗೂ ಗೊತ್ತಿಲ್ಲ ಮೇಡಂ."

ನಾವು ಮಾತಾಡುತ್ತಿದ್ದಾಗ ಸರೋಜಮ್ಮ ನಮ್ಮಿಬ್ಬರ ಬಾಯಿಯನ್ನೇ ನೋಡುತ್ತಿದ್ದರು. ಎಡಗೈ ಎತ್ತಿ ಎದೆಯ ಮೇಲೆ ಎರಡು ಸಲ ಬಡಿದುಕೊಂಡರು. ನನಗೆ ಗೊತ್ತು ಎಂದಿರಬಹುದು. ಬಿಟ್ಟುಬಿಡಿ ಎಂದಿರಲೂಬಹುದು.

ವಾರಕ್ಕೆರಡು ಸಲದಂತೆ ಆರು ವಾರ ಕೆಲಸ ಮಾಡಿದೆವು. ಲೋಟದ ಚಿತ್ರ ತೋರಿಸಿ "ನೀ..." ಎಂದು ಅರ್ಧ ಹೇಳಿ ನಿಲ್ಲುತ್ತಿದ್ದೆ, "ರು" ಅವರ ಬಾಯಿಂದ ಬರಲಿ ಎಂದು. ವಾರದ ಹೆಸರು, ಒಂದರಿಂದ ಹತ್ತು, ಅವರು ಸಾವಿರ ಸಲ ಪಾಠ ಮಾಡಿರಬಹುದಾದ ಕಾಗುಣಿತ, ಎಲ್ಲವನ್ನೂ ಹಿಡಿದು ನೋಡಿದೆ. ಏನೂ ಬರಲಿಲ್ಲ. ಒಂದು ದಿನ ಕಾಗುಣಿತದ ಚಾರ್ಟನ್ನು ಅವರು ಎಡಗೈಯಿಂದ ಮೇಜಿನ ಕೆಳಕ್ಕೆ ತಳ್ಳಿಬಿಟ್ಟರು. ಜೀವನವಿಡೀ ಮಕ್ಕಳಿಗೆ ಕಲಿಸಿದ್ದನ್ನು ತಮ್ಮ ಮುಂದೆ ಹಿಡಿದದ್ದು ಅವಮಾನವಾಗಿರಬೇಕು.

ಏಳನೆಯ ವಾರದಲ್ಲಿ ಆದದ್ದನ್ನು ಹೇಳಲು ನನಗೆ ಈಗಲೂ ನಾಚಿಕೆ. ನಮ್ಮ ವಿಭಾಗದಲ್ಲಿ ರತ್ನಮ್ಮ ಎಂಬ ಆಯಾ ಇದ್ದರು. ಬಾಗೇಪಲ್ಲಿ ಕಡೆಯವರು. ನಾನು ಫೈಲು ಬರೆಯುತ್ತಿದ್ದೆ. ರತ್ನಮ್ಮ ಹೂಜಿ ತುಂಬಿಸಿ ತಂದವರು, ಕುರ್ಚಿಯಲ್ಲಿದ್ದ ಸರೋಜಮ್ಮನ ಒಣಗಿದ ತುಟಿ ನೋಡಿ ತಮ್ಮ ಮನೆಮಾತಾದ ತೆಲುಗಿನಲ್ಲಿ, "ನೀಳ್ಳು ಕಾವಾಲಾ ಅಮ್ಮಾ?" ಎಂದರು.

"ನೀಳ್ಳು," ಎಂದರು ಸರೋಜಮ್ಮ.

ಪೆನ್ನು ನನ್ನ ಕೈಯಲ್ಲೇ ನಿಂತಿತು. ತಡೆ ಇಲ್ಲದೆ, ತೊದಲದೆ, ಸ್ಪಷ್ಟವಾಗಿ ಬಂದ ಶಬ್ದ. ರತ್ನಮ್ಮನಿಗೆ ಅದು ವಿಶೇಷವೆಂದೇ ಅನ್ನಿಸಲಿಲ್ಲ. ಲೋಟಕ್ಕೆ ನೀರು ಬಗ್ಗಿಸಿ ಕುಡಿಸಿ, ಬಾಯಿ ಒರೆಸಿದರು.

ಎರಡು ಮೂರು ಭಾಷೆ ಬಲ್ಲವರಿಗೆ ಸ್ಟ್ರೋಕ್ ಆದಾಗ ಎಲ್ಲ ಭಾಷೆಗೂ ಒಂದೇ ಬಗೆಯಲ್ಲಿ ಪೆಟ್ಟು ಬೀಳಬೇಕೆಂದಿಲ್ಲ. ಒಂದು ಮರಳಬಹುದು, ಇನ್ನೊಂದು ಮರಳದಿರಬಹುದು. ಇದನ್ನು ನಾನು ಓದುವಾಗಲೇ ಕಲಿತಿದ್ದೆ. ಆದರೂ ಕೇಸ್ ಶೀಟಿನಲ್ಲಿ 'ಮಾತೃಭಾಷೆ' ಎಂಬಲ್ಲಿ ಪುಟ್ಟಸ್ವಾಮಯ್ಯ 'ಕನ್ನಡ' ಎಂದಾಗ ಮರುಪ್ರಶ್ನೆ ಕೇಳಿರಲಿಲ್ಲ. ಗಡಿಯ ಹಳ್ಳಿಯವರು, ಅಜ್ಜಿಯ ತೊಡೆಯ ಮೇಲೆ ಬೆಳೆದವರು. ಈ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಮೊದಲ ದಿನವೇ ಹೊಳೆಯುತ್ತಿತ್ತು. ಮಂಡ್ಯದವಳಿಗೆ ಹೊಳೆಯಲಿಲ್ಲ. ಇಪ್ಪತ್ತಾರು ವರ್ಷ ಇಲ್ಲಿದ್ದೂ ತೆಲುಗು ಕಲಿಯದವಳು ನಾನು. ಮಾತು ಮರಳುವುದಿದ್ದರೆ ಮೊದಲ ಕೆಲವು ತಿಂಗಳಲ್ಲೇ ಹೆಚ್ಚು ಮರಳುತ್ತದೆ. ಅದರಲ್ಲಿ ಆರು ವಾರವನ್ನು ನಾನು ತಪ್ಪು ಭಾಷೆಯಲ್ಲಿ ಕಳೆದಿದ್ದೆ. ಪುಟ್ಟಸ್ವಾಮಯ್ಯನವರಿಗೆ ಇದನ್ನು ಮುಚ್ಚಿಡದೆ ಹೇಳಿದೆ.

ಅವರು, "ನಿಮ್ದೇನು ತಪ್ಪು ಬಿಡಿ. ನಲವತ್ತು ವರ್ಷ ಸಂಸಾರ ಮಾಡಿದೀನಿ, ಮನೇಲಿ ಒಂದು ದಿನ ಇವ್ಳು ತೆಲುಗು ಮಾತಾಡಿದ್ದು ನಾನು ಕೇಳಿಲ್ಲ. 'ಕನ್ನಡ ಟೀಚರ್ ಮನೇಲಿ ಕನ್ನಡಾನೇ ಇರ್ಬೇಕು' ಅಂತಿದ್ಲು. ನನಗೆ ಬರೋದು ಬಸ್ಸಿನ ತೆಲುಗು. ಎಕ್ಕಡಿಕಿ, ಜರಗಂಡಿ, ದಿಗಂಡಿ, ಅಷ್ಟೇ," ಎಂದರು. ಎಲ್ಲಿಗೆ, ಸರೀರಿ, ಇಳೀರಿ.

ಅಂದಿನಿಂದ ರತ್ನಮ್ಮ ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ನಾನು ಏನು ಕೇಳಬೇಕೆಂದು ಹೇಳುತ್ತಿದ್ದೆ, ಅವರು ತೆಲುಗಿನಲ್ಲಿ ಕೇಳುತ್ತಿದ್ದರು. ಒಂದು ತಿಂಗಳಲ್ಲಿ ಇಪ್ಪತ್ತಮೂರು ಶಬ್ದ ಬಂದವು. ಬಾ, ಬೇಡ, ನೋವು, ಸಾಕು, ಹಾಲು ಎನ್ನುವ ತೆಲುಗು ಮಾತುಗಳು, ಮತ್ತೆ ಅವ್ವ. ಅವ್ವ ಎಂದರೆ ಅವರಲ್ಲಿ ಅಜ್ಜಿ. ಕನ್ನಡದ್ದು ಒಂದೂ ಬರಲಿಲ್ಲ. ಗಂಡನ ಎದುರಿಗೆ ತೆಲುಗು ಬಾಯಿಂದ ಬಂದರೆ ಸರೋಜಮ್ಮ ಎಡಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಪುಟ್ಟಸ್ವಾಮಯ್ಯ ಆ ಕೈಯನ್ನು ಮೆಲ್ಲಗೆ ತೆಗೆದು, "ಮಾತಾಡೇ, ಯಾವ ಭಾಷೆ ಆದ್ರೇನು," ಎನ್ನುತ್ತಿದ್ದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಶಬ್ದಗಳು ಬರತೊಡಗಿದ ಮೇಲೆ ನನಗೂ ಆಸೆ ಹುಟ್ಟಿತು. ಒಂದು ಗುರುವಾರ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಕೊನೆಯ ಪುಟವನ್ನು ರತ್ನಮ್ಮನಿಗೆ ಅರ್ಥ ಹೇಳಿ, ಅವರಿಂದ ತೆಲುಗಿನಲ್ಲಿ ಹೇಳಿಸಿದೆ. "ಅಕ್ಕುಲಮ್ಮ ಬಾಗಿಲು ತೆರೆದಳು. ಆಮೇಲೆ?"

ಸರೋಜಮ್ಮ ನೆಟ್ಟಗೆ ಕೂತರು. ಕಣ್ಣು ಅಗಲವಾದವು. "ಅವ್ವ," ಎಂದರು. ತಡೆದು, "ತಲುಪು..." ಬಾಗಿಲು. "ಪಾಪ... ಪಾಪ... ಪಾಲು..." ಮಗು, ಹಾಲು. ಎಡಗೈ ಗಾಳಿಯಲ್ಲಿ ಏನನ್ನೋ ಎತ್ತಿಕೊಂಡು ಎದೆಗೆ ಅವಚಿಕೊಂಡಿತು. "ಎವರು..." ಎಂದರು. ಯಾರು. ಅಲ್ಲಿಗೆ ನಿಂತರು. "ಎವರು... ಎವರು..." ಹಣೆ ಬೆವರಿತು. ಸುಲಭವಾಗಿ ಬರಬೇಕಾದ ಒಂದು ಹೆಸರಿಗಾಗಿ ಅವರು ಇಡೀ ದೇಹವನ್ನು ಹೂಡಿ ಒದ್ದಾಡುತ್ತಿದ್ದರು. ಕೊನೆಗೆ ಗಾಲಿಕುರ್ಚಿಯ ಹಿಡಿಗೆ ಹಣೆ ಬಡಿದುಕೊಳ್ಳಲು ಹೋದಾಗ ರತ್ನಮ್ಮ ಎದ್ದು ಅಪ್ಪಿಕೊಂಡು, "ಸಾಕು ಮೇಡಂ, ಇವತ್ತಿಗೆ ಸಾಕು," ಎಂದರು. ರೆಕಾರ್ಡಿಂಗ್ ನಿಲ್ಲಿಸಿದೆ.

ಇನ್ನೂ ನಾಲ್ಕು ಸಲ ಪ್ರಯತ್ನಿಸಿದೆವು. ಪ್ರತಿ ಸಲವೂ ಅದೇ ನಾಲ್ಕು ಶಬ್ದ. ಪ್ರತಿ ಸಲವೂ 'ಎವರು' ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು.

ಇಷ್ಟರಲ್ಲಿ ಸರೋಜಮ್ಮನವರ ತಮ್ಮ ಮುನಿರಾಜಪ್ಪ ಚಿಂತಾಮಣಿಯಿಂದ ಬಂದರು. ಅಂಗಿಯ ಜೇಬಿನಲ್ಲಿ ಕನ್ನಡಕ, ಕೈಯಲ್ಲಿ ಅಕ್ಕನಿಗೆ ಇಷ್ಟವೆಂದು ತಂದ ಸೀಬೆಹಣ್ಣಿನ ಚೀಲ. ಕೆಟ್ಟ ಮನುಷ್ಯರೆಂದು ನಾನು ಹೇಳಲಾರೆ. ಅಕ್ಕನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ಮೇಡಂ, ಭಾವ ಏನೇನೋ ಕೇಳಿಸ್ತಿದಾರಂತೆ. ನಮ್ಮಪ್ಪ ಸಾಯೋವರ್ಗೂ ಆ ಮಾತು ಎತ್ತಬೇಡಿ ಅಂದಿದ್ರು. ಪುಸ್ತಕ ಬಂದ ಮೇಲೆ ಊರಲ್ಲಿ ನಾನು ಬದುಕ್ಬೇಕಲ್ಲ. ಆ ಮಗು ನಮ್ಮ ದಾಯಾದಿಗಳದ್ದು. ನಮ್ಮ ಕಡೆ ಎಲ್ಲಾರೂ ಹಂಗೇ ಹೇಳೋದು."

"ನಿಮಗೆ ಯಾರು ಹೇಳಿದ್ರು?" ಎಂದು ಪುಟ್ಟಸ್ವಾಮಯ್ಯ ಕೇಳಿದರು.

"ಯಾರು ಹೇಳಬೇಕು ಭಾವ? ಮತ್ತಿನ್ಯಾರದಾಗಿರತ್ತೆ?" ಎಂದವರೇ ಅಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತು, ತೆಲುಗಿನಲ್ಲಿ ಕೇಳಿದರು. ದಾಯಾದಿಗಳ ಮನೆಯ ಮಗು ತಾನೇ ಅಕ್ಕಾ?

ಸರೋಜಮ್ಮ ತಲೆಯಾಡಿಸಿದರು. ಹೌದು.

ಮುನಿರಾಜಪ್ಪನವರ ಮುಖದ ಬಿಗಿ ಸಡಿಲವಾಯಿತು. "ನೋಡಿದ್ರಾ?" ಎಂದರು.

ಪುಟ್ಟಸ್ವಾಮಯ್ಯ ಬಿಳಿಚಿಕೊಂಡರು. "ಹೋದ ವಾರ ಮನೇಲಿ ನಾನು ಕೇಳಿದೆ ಮೇಡಂ. ಕೇರಿಯ ಮನೇದಾ ಅಂದೆ. ಆಗ್ಲೂ ಹಿಂಗೇ ಹೌದು ಅಂದ್ಲು. ನಿಮಗೆ ಹೇಳೋಣ ಅಂತಲೇ ಬಂದಿದ್ದೆ."

ಇಬ್ಬರೂ ನನ್ನ ಕಡೆ ನೋಡಿದರು. ಯಾವ ಹೌದು ನಿಜವಾದ ಹೌದು ಎಂದು ನಾನು ಹೇಳಬೇಕಿತ್ತು.

ತೀವ್ರವಾದ ಅಫೇಸಿಯಾದಲ್ಲಿ ಹೌದು, ಅಲ್ಲ ಎಂಬುವೂ ಕೈತಪ್ಪಿರುತ್ತವೆ. ಪ್ರಶ್ನೆಯ ರಾಗಕ್ಕೆ ತಲೆ ತಾನಾಗಿ ಆಡುತ್ತದೆ. ಮನೆಯವರಿಗೆ ಇದನ್ನು ನಂಬಿಸುವುದು ಕಷ್ಟ. ನಾನು ಅಲ್ಲಿಯೇ, ಅವರೆದುರಿಗೇ ಪರೀಕ್ಷೆ ಮಾಡಿ ತೋರಿಸಿದೆ. ರತ್ನಮ್ಮ ತೆಲುಗಿನಲ್ಲಿ ಕೇಳಿದರು. ನಿಮ್ಮ ಹೆಸರು ಸರೋಜಮ್ಮನಾ? ಹೌದು. ನಿಮ್ಮ ಹೆಸರು ಲಲಿತಮ್ಮನಾ? ಹೌದು. ಇದು ಶಿಡ್ಲಘಟ್ಟನಾ? ಹೌದು. ಈ ಗೋಡೆ ಕಪ್ಪಗಿದೆಯಾ? ಸುಣ್ಣ ಬಳಿದ ಬಿಳಿ ಗೋಡೆಯನ್ನು ನೋಡಿ ಸರೋಜಮ್ಮ ಹೌದೆಂದರು. ಹತ್ತು ಪ್ರಶ್ನೆಗೆ ಎಂಟು ಸಲ ಹೌದು. ಆಮೇಲೆ ನಾನೇ ಕೇಳಿಸಿದೆ, ಆ ಮಗು ಗಾಡಿ ಹೊಡೆಯುವ ಸಾಬರದಾ? ಅದಕ್ಕೂ ಹೌದು.

ಮುನಿರಾಜಪ್ಪ ಎದ್ದು ನಿಂತರು. "ಹಂಗಾದ್ರೆ ಯಾವುದನ್ನ ನಂಬೋದು?"

"ಯಾವುದನ್ನೂ ನಂಬೋ ಹಾಗಿಲ್ಲ," ಎಂದೆ.

ಪುಟ್ಟಸ್ವಾಮಯ್ಯ ಬಿಡಲಿಲ್ಲ. ಮಾತು ಬೇಡ, ತೋರಿಸಲಿ ಎಂದರು. ಅದು ಸರಿಯಾದ ಯೋಚನೆಯೇ. ನಾನು ಮೂರು ಚೀಟಿಯಲ್ಲಿ ಮೂರು ಮನೆಯ ಚಿತ್ರ ಬರೆದೆ. ಕೊಟ್ಟಿಗೆಯಿದ್ದ ದಾಯಾದಿಗಳ ದೊಡ್ಡ ಮನೆ, ಕೇರಿಯ ಗುಡಿಸಲು, ಎತ್ತಿನಗಾಡಿ ನಿಂತ ಮನೆ. ಯಾವುದು ಯಾವುದೆಂದು ರತ್ನಮ್ಮ ನಿಧಾನವಾಗಿ ವಿವರಿಸಿದರು. ಮೊದಲ ಸಲ ಸರೋಜಮ್ಮ ಗಾಡಿಯ ಮನೆ ಮುಟ್ಟಿದರು. ಚೀಟಿಗಳ ಜಾಗ ಬದಲಿಸಿ ಮತ್ತೆ ಕೇಳಿದೆವು. ದೊಡ್ಡ ಮನೆ ಮುಟ್ಟಿದರು. ಮೂರನೆಯ ಸಲ ಅವರು ಬಹಳ ಹೊತ್ತು ನೋಡಿದರು. ಗಂಡನನ್ನು, ತಮ್ಮನನ್ನು, ನನ್ನನ್ನು ಒಬ್ಬೊಬ್ಬರಾಗಿ ನೋಡಿದರು. ಆಮೇಲೆ ಎಡಗೈ ಚಾಚಿ ಮೂರು ಚೀಟಿಯನ್ನೂ ಒಟ್ಟಿಗೆ ಬಾಚಿ, ಮುಷ್ಟಿಯಲ್ಲಿ ಹಿಡಿದು ಮಡಿಲಿಗೆ ಒತ್ತಿಕೊಂಡರು. ರತ್ನಮ್ಮ ಎಷ್ಟು ಕೇಳಿದರೂ ಬಿಡಲಿಲ್ಲ.

"ಹೇಳಲ್ಲ ಅಂತಿದಾಳೆ," ಎಂದರು ತಮ್ಮ. "ಮೂರೂ ಒಂದೇ ಅಂತಿದಾಳೆ," ಎಂದರು ಗಂಡ. ಕೈ ಸೋತು ಹಾಗೆ ಮಾಡಿರಬಹುದು ಎಂದು ನನಗೆ ಅನ್ನಿಸಿತು. ಮೂವರಲ್ಲಿ ಯಾರು ಸರಿ ಎಂದು ತಿಳಿಯುವ ದಾರಿ ನನ್ನ ಇಡೀ ವಿದ್ಯೆಯಲ್ಲಿ ಇರಲಿಲ್ಲ.

ಮುನಿರಾಜಪ್ಪ ಹೊರಡುವಾಗ ಬಾಗಿಲಲ್ಲಿ ನಿಂತು ನನ್ನನ್ನೊಂದು ಮಾತು ಕೇಳಿದರು. "ಅಕ್ಕನಿಗೆ ಒಳಗೆ ಗೊತ್ತಿದೆಯಾ ಮೇಡಂ, ಅಥವಾ ಅದೂ ಹೋಗಿಬಿಟ್ಟಿದೆಯಾ?"

"ಗೊತ್ತಿದೆ ಅಂತ ನನಗನ್ನಿಸುತ್ತೆ."

"ಪಾಪ," ಎಂದರು. ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ಅಂದು ಆಂಬುಲೆನ್ಸಿಗಾಗಿ ಕಾಯುತ್ತಾ ಪುಟ್ಟಸ್ವಾಮಯ್ಯ ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಸರೋಜಮ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದರು, ಮುಷ್ಟಿ ಹಾಗೆಯೇ ಇತ್ತು. ಊಟಕ್ಕೆಂದು ಹೊರಟಿದ್ದ ನನ್ನನ್ನು ಅವರು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಮೇಡಂ, ನಿಮ್ಮ ಹತ್ರ ಒಂದು ಮಾತು ಮುಚ್ಚಿಟ್ಟಿದ್ದೆ," ಎಂದರು. "ಇವ್ಳು ನನಗೆ ಹೇಳಿದ್ಲು."

"ಏನನ್ನ?"

"ಕೊನೇ ಅಧ್ಯಾಯನ. ಪೂರ್ತಿ. ಹಿಂಗಾಗೋಕೆ ನಾಲ್ಕು ದಿನ ಮುಂಚೆ. ಮಧ್ಯಾಹ್ನ ರೂಮಿನಿಂದ ಎದ್ದು ಬಂದ್ಲು, ಮುಖ ಅರಳಿತ್ತು. 'ರೀ, ಹೆಂಗೆ ಬರೀಬೇಕು ಅಂತ ಹೊಳೀತು ಕಣ್ರೀ' ಅಂತ ನನ್ನ ಪಕ್ಕ ಕೂತ್ಕೊಂಡು ಶುರು ಮಾಡಿದ್ಲು. ಮುಕ್ಕಾಲು ಗಂಟೆ ಹೇಳಿರ್ಬೋದು. ನಾನು ಟೀವೀಲಿ ಮ್ಯಾಚ್ ನೋಡ್ತಿದ್ದೆ."

ಅವರು ಟವೆಲ್ಲನ್ನು ಮಡಚಿ ಬಿಚ್ಚಿ ಮತ್ತೆ ಮಡಚಿದರು.

"ಹ್ಞೂಂ ಅಂದೆ. ಹೌದಾ ಅಂದೆ. ಕೊನೇಲಿ, 'ಸರಿ ಇದೆ ಅಲ್ವೇನ್ರೀ?' ಅಂತ ಕೇಳಿದ್ಲು. ಚೆನ್ನಾಗಿದೆ ಅಂದೆ. ಎಷ್ಟು ಖುಷಿಯಾಗಿ ಎದ್ದು ಹೋದ್ಲು ಗೊತ್ತಾ. ಅದರಲ್ಲಿ ಒಂದು ಮಾತೂ ನನ್ನ ತಲೇಲಿಲ್ಲ ಮೇಡಂ. ಎಷ್ಟು ದಿನದಿಂದ ತಲೆ ಕೆರ್ಕೊಂಡು ಕೂತಿದೀನಿ. ಮ್ಯಾಚಲ್ಲಿ ಯಾರು ಔಟಾದ್ರು ಅನ್ನೋದು ನೆನಪಿದೆ."

ಸ್ಟ್ರೋಕ್ ಆದವರ ಮನೆಯವರಿಗೆ ಹೇಳುವ ಮಾತುಗಳು ನನ್ನಲ್ಲಿ ಬೇಕಾದಷ್ಟಿದ್ದವು: ತಾಳ್ಮೆ ಇರಲಿ, ನಿಮ್ಮ ತಪ್ಪಲ್ಲ, ಮಿದುಳಿಗೆ ಸಮಯ ಕೊಡಿ. ಒಂದೂ ಆ ಹೊತ್ತಿಗೆ ಹೊಂದುವಂಥದ್ದಾಗಿರಲಿಲ್ಲ. ಪಕ್ಕದಲ್ಲೇ ಕೂತಿದ್ದೆ. ಆಂಬುಲೆನ್ಸ್ ಬಂತು. ಇಬ್ಬರೂ ಸೇರಿ ಕುರ್ಚಿಯನ್ನು ಎತ್ತಿ ಒಳಗಿಟ್ಟೆವು.

ಆಮೇಲೆ ಆರು ತಿಂಗಳು ಅವರು ಬಂದರು. ಶಬ್ದಗಳು ನಲವತ್ತರ ಹತ್ತಿರಕ್ಕೆ ಬಂದು ನಿಂತವು. ಸುಧಾರಣೆ ಒಂದು ಮಟ್ಟಕ್ಕೆ ಬಂದು ನಿಂತಾಗ ನಾವು ವಾರದ ಭೇಟಿಯನ್ನು ನಿಲ್ಲಿಸಿ, ಮನೆಯಲ್ಲಿ ಮಾಡುವ ಅಭ್ಯಾಸ ಬರೆದುಕೊಡುತ್ತೇವೆ. ಸರೋಜಮ್ಮನವರ ಫೈಲಿನಲ್ಲೂ ಅದನ್ನು ಬರೆದೆ. ಕೊನೆಯ ಅಧ್ಯಾಯದ ವಿಷಯ ಬರೆಯಲು ಕೇಸ್ ಶೀಟಿನಲ್ಲಿ ಜಾಗವಿಲ್ಲ. 'ಅಗತ್ಯದ ಮಾತು: ಭಾಗಶಃ ಸಾಧ್ಯ' ಎಂದು ಬರೆದು ಸಹಿ ಹಾಕಿದೆ.

ನಿವೃತ್ತಿಯಾದ ಮರುತಿಂಗಳು ನಾನೂ ರತ್ನಮ್ಮನೂ ಶಿಡ್ಲಘಟ್ಟಕ್ಕೆ ಅವರ ಮನೆಗೆ ಹೋದೆವು. ಗೂಡಿನ ಮಾರುಕಟ್ಟೆಯಿಂದ ಎರಡು ಬೀದಿ ಆಚೆ, ರೇಷ್ಮೆನೂಲು ತೆಗೆಯುವ ಘಟಕಗಳ ಹಬೆವಾಸನೆ ಬರುವ ಓಣಿ. ಸರೋಜಮ್ಮ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ "ರಾ" ಎಂದರು. ಬಾ. ಪುಟ್ಟಸ್ವಾಮಯ್ಯ ತಟ್ಟೆಯಲ್ಲಿ ಉಪ್ಪಿಟ್ಟು ಹಿಡಿದು, "ಇಂಕಾ ಕೊಂಚೆಂ ತಿನು," ಎಂದು ಹೆಂಡತಿಗೆ ತಿನ್ನಿಸುತ್ತಿದ್ದರು. ಇನ್ನೂ ಸ್ವಲ್ಪ ತಿನ್ನು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಪಕ್ಕದ ಮನೆಯವರಿಂದ ದಿನಕ್ಕೊಂದು ವಾಕ್ಯ ಕಲಿಯುತ್ತಿದ್ದರಂತೆ. ಉಚ್ಚಾರಣೆ ಕೇಳಿ ರತ್ನಮ್ಮ ನಕ್ಕರು. ಸರೋಜಮ್ಮನೂ ನಕ್ಕರು.

ಮುನಿರಾಜಪ್ಪ ಎರಡು ವಾರಕ್ಕೊಮ್ಮೆ ಬರುತ್ತಾರೆ ಎಂದು ತಿಳಿಯಿತು. ಮಗುವಿನ ಮಾತು ಎತ್ತುವುದಿಲ್ಲ. ಅಕ್ಕನ ಉಗುರು ಕತ್ತರಿಸಿ, ಊರಿನ ಸುದ್ದಿ ಹೇಳಿ ಹೋಗುತ್ತಾರೆ. ಸರೋಜಮ್ಮನವರ ಶಾಲೆಯ ಹಳೆಯ ಹೆಡ್‌ಮೇಷ್ಟ್ರೊಬ್ಬರು ಕಾದಂಬರಿಯನ್ನು ತಾವು ಮುಗಿಸಿಕೊಡುವುದಾಗಿ ಮುಂದೆ ಬಂದಿದ್ದರಂತೆ. ಪುಟ್ಟಸ್ವಾಮಯ್ಯ ಹೆಂಡತಿಯನ್ನೇ ಕೇಳಿದರು. "ವದ್ದು" ಎಂದರಂತೆ ಅವರು. ಬೇಡ. ಕೈಯಿಂದ ದೂರ ತಳ್ಳಿ, ಕಣ್ಣು ಕೆಂಪಗೆ ಮಾಡಿ, ಮೂರು ಸಲ. ಅದೊಂದು ಉತ್ತರವನ್ನು ನಂಬಬಹುದು ಎಂದು ನಾನು ಹೇಳಿದೆ. ಅವರಿಗೆ ಸಮಾಧಾನವಾಯಿತು.

ಕಾಫಿ ಕುಡಿಯುತ್ತಿದ್ದಾಗ ಸರೋಜಮ್ಮ ಕಪಾಟಿನ ಕಡೆ ಕೈ ತೋರಿಸಿದರು. ಪುಟ್ಟಸ್ವಾಮಯ್ಯ ಎದ್ದು ಐದನೆಯ ನೋಟ್‌ಬುಕ್ ತಂದು ಅವರ ಮಡಿಲಲ್ಲಿಟ್ಟು, "ನೋಡಿ ಮೇಡಂ, ದಿನಾ ಈ ಹೊತ್ತಿಗೆ," ಎಂದು ಮೆಲ್ಲಗೆ ಹೇಳಿದರು.

ಸರೋಜಮ್ಮ ಎಡಗೈಯಿಂದ ಪುಟ ತಿರುವಿ ಕೊನೆಯ ಬರಹದ ಪುಟಕ್ಕೆ ಬಂದರು. ಸಾಲಿನ ಕೆಳಗೆ ಬೆರಳಿಟ್ಟು ಮೆಲ್ಲಗೆ ಸರಿಸುತ್ತಾ ಹೋದರು. ಅಕ್ಷರಗಳು ಮುಗಿದವು. ಬೆರಳು ನಿಲ್ಲಲಿಲ್ಲ. ಖಾಲಿ ಗೆರೆಯ ಮೇಲೆ ಅದೇ ನಿಧಾನದಲ್ಲಿ ಎಡದಿಂದ ಬಲಕ್ಕೆ ಸರಿಯಿತು. ಒಂದು ಗೆರೆ, ಇನ್ನೊಂದು ಗೆರೆ. ಪುಟ ಮುಗಿದಾಗ ತಿರುವಿದರು. ಮುಂದಿನ ಖಾಲಿ ಪುಟದ ಮೊದಲ ಗೆರೆಯಿಂದ ಮತ್ತೆ ಶುರುವಾಯಿತು. ಒಂದು ಕಡೆ ಅವರು ಹುಬ್ಬು ಗಂಟಿಕ್ಕಿದರು. ಒಂದು ಕಡೆ ತುಟಿಯಲ್ಲಿ ನಗೆ ಬಂತು. ಮೂರನೆಯ ಪುಟದ ನಡುವೆ ಬೆರಳು ಒಂದೇ ಜಾಗದಲ್ಲಿ ಬಹಳ ಹೊತ್ತು ನಿಂತಿತು. ಕಣ್ಣಿನಿಂದ ನೀರಿಳಿದು ಗಲ್ಲದವರೆಗೆ ಬಂದರೂ ಒರೆಸಿಕೊಳ್ಳಲಿಲ್ಲ. ಆಮೇಲೆ ಮತ್ತೆ ಸರಿಯಿತು.

ನಾವು ಮೂವರೂ ಕಾಫಿ ಲೋಟ ಹಿಡಿದು ನೋಡುತ್ತಿದ್ದೆವು. ನನ್ನಿಂದ ಎರಡು ಮೊಳ ದೂರದಲ್ಲಿ ಆ ಬಾಗಿಲು ತೆರೆಯುತ್ತಿತ್ತು, ಮಗುವಿನ ಮನೆ ಯಾವುದೆಂದು ತಿಳಿಯುತ್ತಿತ್ತು, ಬೇಲಿಯೊಳಗಿನವರಿಗೆ ಅಕ್ಕುಲಮ್ಮ ಉತ್ತರ ಕೊಡುತ್ತಿದ್ದಳು. ಒಂದಕ್ಷರವೂ ನನಗೆ ಕೇಳಿಸಲಿಲ್ಲ.

ಇಪ್ಪತ್ತೆಂಟು ವರ್ಷ ಮಾತು ಹೋದವರ ಜೊತೆ ಕೆಲಸ ಮಾಡಿದೆ. ಮಾತು ನಿಂತಲ್ಲಿ ಒಳಗಿನದೂ ನಿಂತಿರುತ್ತದೆ ಎಂದು ಬಾಯಲ್ಲಿ ಒಪ್ಪದಿದ್ದರೂ ಮನಸ್ಸಿನ ಮೂಲೆಯಲ್ಲಿ ನಂಬಿದ್ದೆ ಎಂದು ಅಂದು ಗೊತ್ತಾಯಿತು. ಈಗ ಯಾರಾದರೂ ತಮ್ಮ ಮನೆಯ ರೋಗಿಯ ಬಗ್ಗೆ ಕೇಳಿದರೆ ನಾನು ಹೇಳುವುದು ಇಷ್ಟೇ: ಅವರೊಳಗೆ ಎಲ್ಲ ನಡೆಯುತ್ತಲೇ ಇದೆ, ನಮ್ಮನ್ನು ತಲುಪುತ್ತಿಲ್ಲ, ಪಕ್ಕದಲ್ಲಿ ಕೂತುಕೊಳ್ಳಿ.

ಸರೋಜಮ್ಮ ಆರನೆಯ ಪುಟದ ಕೊನೆಗೆ ಬಂದು ನೋಟ್‌ಬುಕ್ ಮುಚ್ಚಿದರು. ಗಂಡನ ಕಡೆ ತಿರುಗಿ, ಏನನ್ನೋ ಕೇಳುವಂತೆ ನೋಡಿದರು. ಪುಟ್ಟಸ್ವಾಮಯ್ಯ ಲೋಟ ಕೆಳಗಿಟ್ಟು, ಅವರ ಮುಖವನ್ನೇ ನೋಡುತ್ತಾ, "ಬಾಗುಂದಿ," ಎಂದರು. ಚೆನ್ನಾಗಿದೆ.